ಹಾಜರಿ ಪುಸ್ತಕದ ಐದು ಹೆಸರುಗಳು

ವಿಮಾನ ನಗರ, ಪುಣೆ
೨೭ ಜನವರಿ ೨೦೨೬, ಮಂಗಳವಾರ

ಮಗಳೇ ಶ್ರದ್ಧಾ,

ಈ ಪತ್ರವನ್ನು ಕೂತು ಓದು. ಚಿಕ್ಕಮ್ಮ ಪಕ್ಕದಲ್ಲಿದ್ದರೆ ಒಳಕೋಣೆಗೆ ಹೋಗಿ ಓದು. ನನ್ನ ಪ್ರೀತಿಯನ್ನು ಮೊದಲಿಗೇ ಬರೆದುಬಿಡುತ್ತೇನೆ. ಕೊನೆಯವರೆಗೆ ಬಂದಾಗ ಅದು ನಿನಗೆ ಬೇಕೆನಿಸುತ್ತದೋ ಇಲ್ಲವೋ ಗೊತ್ತಿಲ್ಲ.

ನೀನು ಹೈದರಾಬಾದಿಗೆ ಹೋಗಿ ಹದಿನೇಳು ದಿನವಾಯಿತು. ದಿನಾ ಸಂಜೆ ಫೋನು ಮಾಡುತ್ತೀ. ಊಟ ಆಯಿತಾ, ಸಂದರ್ಶನಕ್ಕೆ ಓದಿಕೊಂಡೆಯಾ ಎಂದು ಕೇಳಿ ನಾನು ಬೇಗ ಇಟ್ಟುಬಿಡುತ್ತೇನೆ. ಅಮ್ಮಾ, ನಿನ್ನ ದನಿ ಯಾಕೆ ಹೀಗಿದೆ ಎಂದು ನೀನು ಎರಡು ಸಲ ಕೇಳಿದೆ. ಶೀತ ಎಂದೆ. ಶೀತವಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು ಅಳುತ್ತೀ, ನಿನ್ನ ಅಳು ಕೇಳಿದರೆ ನಾನು ಮಾತು ತಿರುಗಿಸುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಪೊಲೀಸ್ ಚೌಕಿಯಲ್ಲಿ ಮೂರು ಸಲ ಹಾಗೆ ಹೇಳಿ ನನಗೆ ಅದೇ ರೂಢಿಯಾಗಿದೆ. ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಆ ಹೊಸ ಕಟ್ಟಡಗಳು ಏಳುತ್ತಿವೆಯಲ್ಲ, ಅವುಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಸಂಸಾರಗಳಿವೆ. ಅವರಿಗೆ ಭಾನುವಾರವೂ ಕೆಲಸ. ಆ ದಿನ ಒಂಬತ್ತರಿಂದ ಹನ್ನೆರಡರವರೆಗೆ ಅಲ್ಲಿಯದೇ ಒಂದು ಶೆಡ್ಡಿನಲ್ಲಿ ಅವರ ಮಕ್ಕಳನ್ನು ಕೂರಿಸಿ, ನಾಲ್ಕು ಅಕ್ಷರ ಹೇಳಿಕೊಟ್ಟು, ಹಾಲು ಮೊಟ್ಟೆ ಕೊಟ್ಟು, ಉಗುರು ಕತ್ತರಿಸಿ ಕಳಿಸುವುದು ಚಿತ್ರಾ ಆಂಟಿ ಕಟ್ಟಿದ ಭಾನುವಾರದ ಬಳಗದ ಕೆಲಸ. ದಾಖಲೆ ಇಡುವುದು ನನ್ನ ಕೆಲಸ. ಎಷ್ಟು ಮಕ್ಕಳು ಬಂದರು, ಏನು ಕಲಿಸಿದೆವು, ಯಾವ ಸ್ವಯಂಸೇವಕರು ಎಷ್ಟು ಗಂಟೆ ಇದ್ದರು ಎಂದು ನಾಲ್ಕು ವರ್ಷದಿಂದ ಬರೆಯುತ್ತಾ ಬಂದಿದ್ದೇನೆ. ಮನೆ ಬಿಟ್ಟರೆ ಹೋಟೆಲು, ಹೋಟೆಲು ಬಿಟ್ಟರೆ ಮನೆ ಎಂದಿದ್ದವಳಿಗೆ ಆ ನೀಲಿ ರಟ್ಟಿನ ಪುಸ್ತಕ ಎಷ್ಟು ದೊಡ್ಡದಾಗಿತ್ತೆಂದು ನಿನಗೆ ಗೊತ್ತು. ಬಳಗದವರು ನನ್ನನ್ನು ರಿಜಿಸ್ಟರ್ ಕುಸುಮಕ್ಕ ಎನ್ನುತ್ತಿದ್ದರು. ಕೇಳಿ ನಾನು ಹಿಗ್ಗುತ್ತಿದ್ದೆ.

ಬಳಗಕ್ಕೆ ನೆರವು ಕೊಡುವ ಕಂಪನಿಯದು ಒಂದು ನಿಯಮ. ಆರು ಮಕ್ಕಳಿಗೆ ಒಬ್ಬರಾದರೂ ಸ್ವಯಂಸೇವಕರು ಇರಬೇಕು, ಪುಸ್ತಕದಲ್ಲಿ ಅವರ ಸಹಿ ಇರಬೇಕು. ಜನ ಬಾರದ ಭಾನುವಾರಗಳಲ್ಲಿ ಚಿತ್ರಾ ಆಂಟಿ ಹೇಳುತ್ತಿದ್ದಳು, "ಒಂದೆರಡು ಹೆಸರು ಸೇರಿಸ್ಬಿಡಿ ಕುಸುಮಾ, ಮುಂದಿನ ವಾರ ಸೈನ್ ಮಾಡಿಸಿದ್ರಾಯ್ತು. ಕೆಲಸ ಅಂತೂ ಆಗ್ತಾ ಇದೆ ಅಲ್ವಾ." ಕೆಲಸ ಆಗುತ್ತಿತ್ತು, ನಿಜ. ನಾನು ಸೇರಿಸುತ್ತಿದ್ದೆ.

ಆದರೆ ಎಲ್ಲವನ್ನೂ ಚಿತ್ರಾಳ ಮೇಲೆ ಹಾಕಲಾರೆ. ಅವಳು ಹೇಳುವುದಕ್ಕೆ ಮೊದಲೇ ನಾನು ಒಂದು ಹೆಸರು ಸೇರಿಸಿದ್ದೆ. ಅದು ನಿನ್ನದು. ಎರಡು ವರ್ಷದ ಹಿಂದೆ ನಿನಗೆ ಜ್ವರ ಬಂದು ಮಲಗಿದ್ದ ಭಾನುವಾರ. ಜ್ವರದ ಮಗಳಿಗೆ ಗೈರುಹಾಜರಿ ಹಾಕಲು ನನಗೆ ಮನಸ್ಸು ಬರಲಿಲ್ಲ. ಆಮೇಲೆ ಪರೀಕ್ಷೆ ಬಂತು, ಕಾಲೇಜಿನ ನಾಟಕ ಬಂತು, ಗೆಳತಿಯರ ಜೊತೆ ಸಿಂಹಗಡಕ್ಕೆ ಹೋಗುವುದು ಬಂತು. ನಿನ್ನ ಸಹಿಯ ಕೊನೆಯಲ್ಲಿ ಬರುವ ಬಾಲವನ್ನು ನಾನು ನಿನಗಿಂತ ಚೆನ್ನಾಗಿ ಎಳೆಯುತ್ತಿದ್ದೆ. ನೀನೂ ನೋಡಿ ನಕ್ಕಿದ್ದೆ. ಕಳೆದ ನವೆಂಬರಿನಲ್ಲಿ ಸಮಾಜಕಾರ್ಯದ ಕೋರ್ಸಿಗೆ ಅರ್ಜಿ ಹಾಕುವಾಗ ಬಳಗದಿಂದ ನಿನಗೆ ನೂರಿಪ್ಪತ್ತು ಗಂಟೆ ಸೇವೆಯ ಪ್ರಮಾಣಪತ್ರ ಸಿಕ್ಕಿತು. ಕೆಳಗೆ ಚಿತ್ರಾಳ ಸಹಿ, ದಾಖಲೆ ಪರಿಶೀಲಿಸಿದವರು ಎಂಬಲ್ಲಿ ನನ್ನದು. ಅದನ್ನು ಅಪ್ಪ ಹೋಟೆಲಿಗೆ ಒಯ್ದು ಮೂರು ದಿನ ಗಲ್ಲಾದ ಪಕ್ಕ ಇಟ್ಟುಕೊಂಡಿದ್ದರು. ನಾವಿಬ್ಬರೂ ಸುಮ್ಮನಿದ್ದೆವು.

ಈಗ ಹದಿನೆಂಟನೇ ತಾರೀಖಿನ ಭಾನುವಾರಕ್ಕೆ ಬರುತ್ತೇನೆ.

ಅವತ್ತು ಇಪ್ಪತ್ತಾರು ಮಕ್ಕಳು ಬಂದಿದ್ದರು. ಸ್ವಯಂಸೇವಕರಲ್ಲಿ ಸುಖೇಶ್ ಕಾಲೇಜಿನ ಓಟದ ಸ್ಪರ್ಧೆಗೆ ಹೋಗಿದ್ದ. ಚಿತ್ರಾ ಲೋನಾವಳದಲ್ಲಿದ್ದಳು. ಪ್ರಜ್ವಲ ಬಂದವನು ಹತ್ತು ಗಂಟೆಗೆ ಹೊರಟುಹೋದ. ಉಳಿದದ್ದು ಶರಣಮ್ಮ ಮತ್ತು ನಾನು. ಶರಣಮ್ಮ ನಿನಗೆ ನೆನಪಿರಬೇಕು, ಹಣೆಯ ಮೇಲೆ ಹಚ್ಚೆ ಇರುವವಳು, ಗಾರೆ ಕೆಲಸದ ಅವ್ವಣ್ಣನ ಹೆಂಡತಿ. ಮಕ್ಕಳನ್ನು ಕರೆತಂದು, ಬಾಗಿಲಿಗೆ ಅಡ್ಡ ಹಲಗೆ ಇಟ್ಟು, ಹೊರಗೆ ಹೋಗದಂತೆ ನೋಡಿಕೊಳ್ಳುವುದು ಅವಳ ಕೆಲಸ.

ಹನ್ನೊಂದೂಕಾಲಕ್ಕೆ ಹುಲಿಗೆವ್ವ ಇಟ್ಟಿಗೆಯ ಬುಟ್ಟಿ ಇಳಿಸಿ ಮಗಳನ್ನು ಕರೆದೊಯ್ಯಲು ಬಂದಳು. ಮರೆಮ್ಮ ಅವಳ ಮಗಳು, ನಾಲ್ಕು ವರ್ಷ. ನೀನು ತಲೆ ಬಾಚಿ ಎರಡು ಜುಟ್ಟು ಕಟ್ಟಿದ್ದ ಹುಡುಗಿಯೇ. "ನನ್ನ ಕೂಸೆಲ್ಲಿ ಅದರಿ?" ಎಂದು ಹುಲಿಗೆವ್ವ ಕೇಳಿದಳು. ಶರಣಮ್ಮ ಸುತ್ತ ನೋಡಿದಳು. ನಾನೂ ನೋಡಿದೆ. ಚಾಪೆಗಳ ಮೇಲೆ ಉಳಿದ ಮಕ್ಕಳೆಲ್ಲ ಇದ್ದವು, ಆ ಎರಡು ಜುಟ್ಟು ಇರಲಿಲ್ಲ.

ಮೊದಲು ಶೆಡ್ಡುಗಳಲ್ಲಿ ಹುಡುಕಿದೆವು. ನೀರಿನ ಟ್ಯಾಂಕರಿನ ಹಿಂದೆ, ಮರಳಿನ ರಾಶಿಯ ಆಚೆ, ಕಬ್ಬಿಣದ ಸರಳುಗಳ ನಡುವೆ. ಹುಲಿಗೆವ್ವ ಕೂಗುತ್ತಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಓಡುತ್ತಿದ್ದಳು, ಅದನ್ನು ನೋಡಲು ಆಗುತ್ತಿರಲಿಲ್ಲ. ಹನ್ನೊಂದೂ ನಲವತ್ತರ ಸುಮಾರಿಗೆ ಎರಡನೇ ಕಟ್ಟಡದ ಲಿಫ್ಟಿಗೆಂದು ತೋಡಿದ್ದ ಗುಂಡಿಯ ಹತ್ತಿರ ಯಾರೋ ಒಂದು ಪುಟ್ಟ ಚಪ್ಪಲಿ ಕಂಡರು. ಗುಂಡಿಯಲ್ಲಿ ಮೊಣಕಾಲಿನಷ್ಟು ನೀರು. ಅವ್ವಣ್ಣ ಇಳಿದ. ಮೇಲೆ ಎತ್ತಿ ಕೊಟ್ಟಾಗ ಮರೆಮ್ಮನ ಮುಖ ನೀರಿನಿಂದ ಮೇಲೇ ಇತ್ತಂತೆ, ಅದರಿಂದ ಉಸಿರು ಉಳಿದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಕಣ್ಣು ತೆರೆಯಲಿಲ್ಲ. ಸೈಟಿನ ಜೀಪಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಆ ಮಗುವಿನ ಕಾಲು ನನ್ನ ತೊಡೆಯ ಮೇಲಿತ್ತು. ಎಷ್ಟು ತಣ್ಣಗಿತ್ತೆಂದು ಬರೆಯಲಾರೆ.

ಮಾರನೇ ದಿನ ಚಿತ್ರಾ ಮನೆಗೆ ಕರೆಸಿದಳು. ಅವಳ ಊಟದ ಮೇಜಿನ ಮೇಲೆ ನೀಲಿ ಪುಸ್ತಕ. ಕಟ್ಟಡದ ಗುತ್ತಿಗೆದಾರರ ಮನುಷ್ಯ ಒಂದು ವರದಿ ಬರೆದು ತಂದಿದ್ದ. ಘಟನೆಯ ಹೊತ್ತಿಗೆ ಐವರು ಸ್ವಯಂಸೇವಕರು ಮತ್ತು ಒಬ್ಬಳು ಆಯಾ ಇದ್ದರು, ಬಾಗಿಲು ಕಾಯುವುದು ಆಯಾಳ ಹೊಣೆ, ಅವಳ ಅಜಾಗರೂಕತೆಯಿಂದ ಹೀಗಾಯಿತು ಎಂದು ಅದರಲ್ಲಿತ್ತು. ಐವರು ಎಲ್ಲಿಂದ ಬಂದರು ಎಂದು ನಾನು ಕೇಳಬೇಕಾಗಿರಲಿಲ್ಲ. ಪುಸ್ತಕ ತೆರೆದೇ ಇತ್ತು. ಹದಿನೆಂಟನೇ ತಾರೀಖಿನ ಪುಟದಲ್ಲಿ ಕುಸುಮ, ಚಿತ್ರಾ, ಪ್ರಜ್ವಲ, ಸುಖೇಶ್, ಶ್ರದ್ಧಾ ಎಂದು ನನ್ನ ದುಂಡನೆಯ ಅಕ್ಷರ. ನೀನು ಹೈದರಾಬಾದಿನಲ್ಲಿದ್ದೆ. ಆದರೂ ನಿನ್ನ ಹೆಸರಿತ್ತು, ಕೈಯ ಅಭ್ಯಾಸ.

"ನೋಡಿ ಕುಸುಮಾ," ಎಂದಳು ಚಿತ್ರಾ, "ನಾವು ಏನೂ ಚೇಂಜ್ ಮಾಡ್ತಾ ಇಲ್ಲ. ರಿಜಿಸ್ಟರ್‌ನಲ್ಲಿ ಏನಿದೆಯೋ ಅದನ್ನೇ ಸಬ್ಮಿಟ್ ಮಾಡ್ತೀವಿ. ನೀವು ಕೆಳಗೆ ಒಂದು ಸೈನ್ ಹಾಕಿ ಸಾಕು."

ಶರಣಮ್ಮನಿಗೆ ಏನಾಗುತ್ತದೆ ಎಂದು ಕೇಳಿದೆ.

"ಅವರ್ದು ಅವರು ನೋಡ್ಕೋತಾರೆ. ಊರಿಗೆ ಕಳಿಸ್ತಾರೆ, ಅಷ್ಟೆ. ಇಲ್ಲಾಂದ್ರೆ ಬಳಗ ಮುಚ್ಚಿ ಹೋಗುತ್ತೆ. ನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳನ್ನ ಸ್ಕೂಲಿಗೆ ಸೇರಿಸಿದೀವಿ, ಯೋಚ್ನೆ ಮಾಡಿ. ಮತ್ತೆ ಶ್ರದ್ಧಾ ಇಂಟರ್‌ವ್ಯೂ ಯಾವಾಗ?"

ಕೊನೆಯ ಪ್ರಶ್ನೆಯನ್ನು ಅವಳು ಬಹಳ ಮೆತ್ತಗೆ ಕೇಳಿದಳು. ಐದನೇ ತಾರೀಖು ಎಂದೆ. ಸಹಿ ಹಾಕಿದೆ.

ಹೌದು ಮಗಳೇ, ಹಾಕಿದೆ. ಅದೇ ಮಧ್ಯಾಹ್ನ ಚೌಕಿಯಲ್ಲಿ ಹವಾಲ್ದಾರ ಪುಟ ತಿರುವಿ, ರೆಕಾರ್ಡ್ ಏಕ್‌ದಮ್ ವ್ಯವಸ್ಥಿತ್ ಠೇವ್ಲಾ ಆಹೇ ಬಾಯಿ ಎಂದು, ದಾಖಲೆ ಅಚ್ಚುಕಟ್ಟಾಗಿ ಇಟ್ಟಿದ್ದಕ್ಕೆ ನನ್ನನ್ನು ಹೊಗಳಿದ. ನಾನು ಕೈ ಮುಗಿದೆ.

ಬುಧವಾರ ಶೆಡ್ಡುಗಳ ಕಡೆಗೆ ಹೋದೆ. ಯಾಕೆ ಹೋದೆನೆಂದು ಸರಿಯಾಗಿ ಹೇಳಲಾರೆ. ಶರಣಮ್ಮನ ಶೆಡ್ಡಿನ ಮುಂದೆ ಪಾತ್ರೆಗಳು ಚೀಲದಲ್ಲಿ ಕಟ್ಟಿ ಇದ್ದವು. ಶನಿವಾರದೊಳಗೆ ಖಾಲಿ ಮಾಡಬೇಕೆಂದು ಹೇಳಿದ್ದರು. ಅವ್ವಣ್ಣನಿಗೂ ಕೆಲಸವಿಲ್ಲ. ಗುಂಡಿಗೆ ಇಳಿದು ಮಗುವನ್ನು ಎತ್ತಿದವನು ಅವನೇ ಎಂಬುದು ಯಾರ ವರದಿಯಲ್ಲೂ ಇರಲಿಲ್ಲ. ಅವನು ಮೊಣಕಾಲು ತಬ್ಬಿಕೊಂಡು ಕೂತಿದ್ದ, ನನ್ನನ್ನು ನೋಡಿ ಎದ್ದು ಹೋದ.

ಎದುರು ಸಾಲಿನಲ್ಲೇ ಹುಲಿಗೆವ್ವನ ಶೆಡ್ಡು. ಇಬ್ಬರೂ ಒಂದೇ ಊರವರು, ಒಂದೇ ಬಸ್ಸಿನಲ್ಲಿ ಪುಣೆಗೆ ಬಂದವರು. ಹುಲಿಗೆವ್ವ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಾಗ ಶರಣಮ್ಮ ಎದುರಿಗೆ ಹೋದಳಂತೆ. "ಆರು ಮಂದಿ ಇದ್ರಿ, ನನ್ನ ಒಂದು ಕೂಸು ನಿಮ್ಮ ಕಣ್ಣಿಗೆ ಬೀಳಲಿಲ್ಲೇನು?" ಎಂದು ಹೇಳಿ ಹುಲಿಗೆವ್ವ ಮುಖ ತಿರುಗಿಸಿದಳಂತೆ. ಇದನ್ನು ಶರಣಮ್ಮನೇ ನನಗೆ ಹೇಳಿದಳು. ಆಮೇಲೆ ಕೇಳಿದಳು:

"ಐದ್ ಮಂದಿ ಇದ್ರು ಅಂತ ಬುಕ್ಕಿನಾಗ ಬರದದಂತ್ರಿ ಯಕ್ಕಾ. ನನಗ ಓದಾಕ ಬರಂಗಿಲ್ಲ. ನನ್ನ ಕಣ್ಣಿಗಿ ಯಾರೂ ಕಾಣಲಿಲ್ಲ ಅಂದ್ರ ಪೊಲೀಸ್ರು ನಂಬವಲ್ರು. ಬುಕ್ಕು ಸುಳ್ಳು ಹೇಳ್ತದೇನ್ರಿ?"

ಕುಹಕದಿಂದ ಕೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ತನ್ನ ಕಣ್ಣಿನ ಮೇಲೇ ಅವಳಿಗೆ ಅನುಮಾನ ಬಂದಿತ್ತು. ನಾನು ಎದ್ದು ಬಂದೆ.

ಅಪ್ಪನಿಗೆ ಅವತ್ತು ಎಲ್ಲ ಹೇಳಿದೆ. ಸುಳ್ಳು ಹಾಜರಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಗಲ್ಲಾದ ಪಕ್ಕ ಇಟ್ಟುಕೊಂಡಿದ್ದ ಆ ಕಾಗದ ಅವರ ಕಣ್ಣಮುಂದೆ ಬಂದಿರಬೇಕು. ಆಮೇಲೆ, "ಮಾಡಿದ್ದು ಮಾಡಿಯಾಯ್ತು ಮಾರಾಯ್ತಿ, ಈಗ ಅದನ್ನು ಕೆದಕುವುದು ಎಂಥದಕ್ಕೆ?" ಎಂದರು. "ಮಗುವಿನ ಆಸ್ಪತ್ರೆಯದ್ದು ನಾವು ನೋಡಿಕೊಳ್ಳುವ. ಶರಣಮ್ಮನ ಗಂಡನಿಗೆ ಶಿರೂರಿನಲ್ಲಿ ನನ್ನ ಪರಿಚಯದವರ ಹತ್ತಿರ ಕೆಲಸ ಕೊಡಿಸುವ. ಶ್ರದ್ಧಾಳದ್ದು ಹಾಳು ಮಾಡಬೇಡ." ನಾನು ಒಪ್ಪಿದೆ ಎಂದೇ ಅಂದುಕೊಂಡೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ, ಎಲ್ಲರಿಗೂ ಒಂದು ದಾರಿಯಾಯಿತಲ್ಲ ಎಂದು ಗುರುವಾರ ಇಡೀ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಶರಣಮ್ಮ ಶಿರೂರಿಗೆ ಹೋದರೂ ಅಲ್ಲಿ ಅವಳು ಮಗುವನ್ನು ಗುಂಡಿಗೆ ಬಿಟ್ಟವಳಾಗಿಯೇ ಇರುತ್ತಾಳೆ. ಹುಲಿಗೆವ್ವ ಊರಿಗೆ ಹೋದಾಗಲೆಲ್ಲ ಅದನ್ನೇ ಹೇಳುತ್ತಾಳೆ. ಅಷ್ಟನ್ನೂ ನನ್ನ ಅಕ್ಷರ ಮಾಡಿತ್ತು.

ಶುಕ್ರವಾರ ಬೆಳಿಗ್ಗೆ ಅಪ್ಪ ಹೋಟೆಲಿಗೆ ಹೊರಟಾಗ, ನಾನು ಚೌಕಿಗೆ ಹೋಗುತ್ತೇನೆ ಎಂದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಚಪ್ಪಲಿ ಹಾಕಿಕೊಂಡವರು ನಿಂತೇ ಇದ್ದರು. "ಒಬ್ಬಳೇ ಹೋಗಬೇಡ," ಎಂದರು, ಅಷ್ಟೆ.

ಹದಿನೆಂಟರಂದು ಐವರು ಇರಲಿಲ್ಲ, ಪ್ರಜ್ವಲ ಹತ್ತಕ್ಕೇ ಹೋದ, ಆಮೇಲೆ ಇಪ್ಪತ್ತಾರು ಮಕ್ಕಳಿಗೆ ಶರಣಮ್ಮ ಮತ್ತು ನಾನು ಇಬ್ಬರೇ, ಮಿಕ್ಕ ಸಹಿಗಳು ನಾನು ಹಾಕಿದ್ದು ಎಂದು ಬರೆದುಕೊಟ್ಟೆ. ಹವಾಲ್ದಾರನ ಮುಖ ಗಟ್ಟಿಯಾಯಿತು. ಮೊದಲು ಯಾಕೆ ಹೇಳಲಿಲ್ಲ, ಇದಕ್ಕೆ ನಿಮ್ಮ ಮೇಲೂ ಕೇಸಾಗಬಹುದು ಗೊತ್ತಾ ಎಂದು ಮರಾಠಿಯಲ್ಲಿ ಮೂರು ಬಗೆಯಲ್ಲಿ ಕೇಳಿದ. ಗೊತ್ತು ಎಂದೆ. ಅಪ್ಪ ಬೆಂಚಿನ ಮೇಲೆ ನನ್ನ ಚೀಲ ಹಿಡಿದು ಕೂತಿದ್ದರು. ಅಲ್ಲಿಂದ ಮನೆಗೆ ಬಂದು, ನನ್ನ ಬಳಿಯೇ ಉಳಿದಿದ್ದ ಹಳೆಯ ನೀಲಿ ಪುಸ್ತಕಗಳನ್ನು ತೆಗೆದು, ನೆನಪಿದ್ದಷ್ಟು ಸುಳ್ಳು ಹೆಸರುಗಳ ಪಟ್ಟಿ ಮಾಡಿ, ಕಂಪನಿಗೂ ಚಿತ್ರಾಳಿಗೂ ಕಳಿಸಿದೆ. ಚಿತ್ರಾ ಫೋನಿನಲ್ಲಿ, "ನೀವು ನನ್ನೊಬ್ಬಳನ್ನ ಅಲ್ಲ, ಆ ಮಕ್ಕಳನ್ನ ಬೀದಿಗೆ ತಂದ್ರಿ," ಎಂದಳು. ಅದೂ ಪೂರ್ತಿ ಸುಳ್ಳಲ್ಲ. ಮೊನ್ನೆಯ ಭಾನುವಾರ ಬಳಗ ನಡೆಯಲಿಲ್ಲ. ಮಕ್ಕಳು ಬಟ್ಟಲು ಹಿಡಿದು ಬಂದು ವಾಪಸು ಹೋದವಂತೆ.

ಶರಣಮ್ಮನನ್ನು ಶನಿವಾರ ಹೊರಗೆ ಹಾಕಲಿಲ್ಲ. ತನಿಖೆ ಮುಗಿಯುವ ತನಕ ಯಾರನ್ನೂ ಕಳಿಸಬಾರದೆಂದು ಪೊಲೀಸರು ಹೇಳಿದ್ದಾರೆ. ಗುಂಡಿಗೆ ಬೇಲಿ ಯಾಕಿರಲಿಲ್ಲ ಎಂದು ಈಗ ಗುತ್ತಿಗೆದಾರರನ್ನೂ ಕೇಳುತ್ತಿದ್ದಾರೆ. ಅವ್ವಣ್ಣನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ.

ಮರೆಮ್ಮ ಶನಿವಾರ ಕಣ್ಣು ತೆರೆದಳು. ತಾಯಿಯ ಗುರುತು ಹಿಡಿದಳು, ಗಂಜಿ ಕುಡಿದಳು. ಎಡಗೈ ಮಾತ್ರ ಇನ್ನೂ ಎತ್ತುತ್ತಿಲ್ಲ. ಬರಬಹುದು, ತಿಂಗಳುಗಳೇ ಹಿಡಿಯಬಹುದು ಎನ್ನುತ್ತಾರೆ ಡಾಕ್ಟರು. ನಾನು ಹುಲಿಗೆವ್ವನ ಮುಂದೆ ನಿಂತು ಪುಸ್ತಕದ ವಿಷಯ ಎಲ್ಲ ಹೇಳಿದೆ. ಅವಳು ಮಗಳ ಆ ಕೈಯನ್ನು ತಿಕ್ಕುತ್ತಲೇ ಕೇಳಿದಳು. ಬೈಯಲಿಲ್ಲ. "ಇನ್ನ ಮುಂದ ನನ್ನ ಕೂಸಿನ ಹೆಸರು ನಿಮ್ಮ ಬುಕ್ಕಿನಾಗ ಬರೀಬ್ಯಾಡ್ರಿ ಯಕ್ಕಾ," ಎಂದಳು. ನಾನು ಆಗಲಿ ಎಂದೆ. ನಿನ್ನೆ ಆಸ್ಪತ್ರೆಗೆ ಹೋದಾಗ ಶರಣಮ್ಮ ಅವಳ ಪಕ್ಕದಲ್ಲಿ ಕೂತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಆದರೆ ಒಂದೇ ತಟ್ಟೆಯಲ್ಲಿ ರೊಟ್ಟಿ ಇತ್ತು.

ಇನ್ನು ನಿನ್ನ ವಿಷಯ. ಬಳಗ ಕೊಟ್ಟ ಹದಿನಾಲ್ಕು ಪ್ರಮಾಣಪತ್ರಗಳನ್ನು ಕಂಪನಿ ತಡೆಹಿಡಿದಿದೆ. ಅದರಲ್ಲಿ ನಿನ್ನದೂ ಇದೆ. ನೀನು ಅರ್ಜಿ ಹಾಕಿರುವ ಸಂಸ್ಥೆಗೂ ಒಂದು ಪತ್ರ ಹೋಗುತ್ತದೆ ಎಂದು ತಿಳಿಸಿದ್ದಾರೆ, ಬಹುಶಃ ಸಂದರ್ಶನಕ್ಕೆ ಮೊದಲೇ. ನಿನ್ನನ್ನು ಕೇಳದೆ ಇದನ್ನೆಲ್ಲ ಮಾಡಿದೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆಯೋ ಏನೋ, ಬೇಡ ಎಂದಿದ್ದರೆ ನಾನು ಮಾಡುತ್ತಿರಲಿಲ್ಲ. ಆ ಭಯಕ್ಕೇ ಕೇಳಲಿಲ್ಲ.

ಮೊನ್ನೆ ಕೂತು ಲೆಕ್ಕ ಹಾಕಿದೆ. ನಲವತ್ತು ಭಾನುವಾರಗಳಲ್ಲಿ ನೀನು ನಿಜವಾಗಿ ಬಂದದ್ದು ಹನ್ನೊಂದು. ಒಟ್ಟು ಮೂವತ್ತಮೂರು ಗಂಟೆ. ಅದರಲ್ಲಿ ಒಂದು ದಿನ ಕಜ್ಜಿಯಾದ ಆರು ಮಕ್ಕಳಿಗೆ ನೀನೇ ಮುಲಾಮು ಹಚ್ಚಿ, ಕೈ ಉರಿಯುತ್ತದೆ ಎಂದು ಮನೆಗೆ ಬಂದು ಎಣ್ಣೆ ಕೇಳಿದ್ದೆ. ಆ ಗಂಟೆಗಳನ್ನು ಯಾರೂ ಕಿತ್ತುಕೊಳ್ಳಲಾರರು. ಸಂದರ್ಶನಕ್ಕೆ ಹೋಗುವುದಾದರೆ ಅಷ್ಟನ್ನೇ ಹೇಳು, ಉಳಿದದ್ದು ಸುಳ್ಳೆಂದೂ ನೀನೇ ಹೇಳು. ಅವರು ತೆಗೆದುಕೊಳ್ಳದೆ ಇರಬಹುದು. ಹೋಗುವುದಿಲ್ಲ ಎಂದರೆ ಮನೆಗೆ ಬಾ. ಸಿಟ್ಟಿನಲ್ಲಿಯೇ ಬಾ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅಪ್ಪನ ಜೊತೆ ಮಾತಾಡು. ಅವರು ನಿನ್ನನ್ನು ಒಂದು ಮಾತೂ ಕೇಳುವುದಿಲ್ಲ ಎಂದಿದ್ದಾರೆ.

ನಿನ್ನ ಹೆಸರನ್ನು ಅಷ್ಟು ಸಲ ಬರೆದು ಅದಕ್ಕೆ ಮಸಿ ಹಚ್ಚಿದವಳು,
ನಿನ್ನ ಅಮ್ಮ
ಕುಸುಮ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಚೌಕಿಯಲ್ಲಿ ಇಬ್ಬರು ಇದ್ದೆವು ಎಂದು ಬರೆದುಕೊಟ್ಟೆನಲ್ಲ, ನಿನಗೂ ಹಾಗೇ ಬರೆದೆ. ಇಬ್ಬರಿರಲಿಲ್ಲ. ಹತ್ತೂವರೆಯಿಂದ ಹನ್ನೊಂದೂ ಹತ್ತರವರೆಗೆ ನಾನು ಸೈಟ್ ಸೂಪರ್‌ವೈಸರನ ಕೋಣೆಯಲ್ಲಿ ಕೂತಿದ್ದೆ. ಮೂರು ತಿಂಗಳ ವರದಿ ಸೋಮವಾರ ಕೊಡಬೇಕಿತ್ತು, ಖಾಲಿ ಬಿಟ್ಟಿದ್ದ ಸಾಲುಗಳನ್ನು ತುಂಬುತ್ತಿದ್ದೆ. ಶರಣಮ್ಮ ಬಾಗಿಲಲ್ಲಿ ಬಂದು ನಿಂತು, "ಯಕ್ಕಾ, ಒಂಚೂರು ಹೊರಗ ಬರ್ರಿ, ಕೂಸುಗಳು ಭಾಳ ಆಗ್ಯಾವ," ಎಂದಳು. ಐದು ನಿಮಿಷ ಎಂದೆ, ತಲೆ ಎತ್ತಲಿಲ್ಲ. ಅವಳು ಬಂದು ಹೋದ ಆ ಹೊತ್ತಿನಲ್ಲೇ ಮರೆಮ್ಮ ಹಲಗೆ ದಾಟಿರಬೇಕು. ನಾನು ಆಗ ನಿನ್ನ ಸಹಿ ಹಾಕುತ್ತಿದ್ದೆ. ಇದನ್ನು ಪೊಲೀಸರು ಕೇಳಲಿಲ್ಲ, ಶರಣಮ್ಮ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಿನ್ನೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳಿದೆ. "ಅದು ನಿಮ್ಮ ಮಾತರಿ ಯಕ್ಕಾ, ನಾ ಹ್ಯಾಂಗ ಹೇಳ್ಲಿ," ಎಂದಳು. ಈ ಪತ್ರವನ್ನು ಅಂಚೆಗೆ ಹಾಕಿ ಅಲ್ಲಿಂದಲೇ ಚೌಕಿಗೆ ಹೋಗುತ್ತೇನೆ. ಅಪ್ಪ ಸ್ಕೂಟರ್ ತೆಗೆದು ಕೆಳಗೆ ಕಾಯುತ್ತಿದ್ದಾರೆ. ಅವರಿಗೂ ಇನ್ನೂ ಹೇಳಿಲ್ಲ. ದಾರಿಯಲ್ಲಿ ಹೇಳುತ್ತೇನೆ.